ದುಡಿದ ದುಡ್ಡಿಗೆ 'ನಾಳೆ ಬಾ'

(ಸಂಘದ ತಿಂಗಳ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಕಳೆದ ತಿಂಗಳು ನಮ್ಮ ಕಾರ್ಯದರ್ಶಿಗಳು ನನ್ನನ್ನು ಹಿಡಿದು ನಿಲ್ಲಿಸಿ, "ಬಿಲ್ಲು ಕೊಟ್ಟ ಮೇಲೆ ಹಣ ಬಾರದ ಗೋಳು ನಮ್ಮವರಲ್ಲಿ ಮನೆಮನೆಯ ಮಾತಾಗಿದೆ. ನೀವು ಪೆಟ್ಟು ತಿಂದವರು, ನಾಲ್ಕು ಮಾತು ಹೇಳಿ" ಎಂದರು. ಪೆಟ್ಟು ತಿಂದ ಮಾತ್ರಕ್ಕೆ ಯಾರೂ ವೈದ್ಯರಾಗುವುದಿಲ್ಲ. ಆದರೆ ಎಲ್ಲಿ ಎಡವಿದೆನೆಂಬುದನ್ನಾದರೂ ತೋರಿಸಬಹುದು. ಅಷ್ಟು ಮಾತ್ರಕ್ಕೆ ತಮ್ಮ ಮುಂದೆ ನಿಂತಿದ್ದೇನೆ.

ನಮ್ಮ ಊರುಗಳಲ್ಲಿ ಹಿಂದೆ ಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದುದು ಇಲ್ಲಿಯ ಹಿರಿಯರಿಗೆ ನೆನಪಿರಬಹುದು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಬರಹ, ಹೀಗೆ ಅದು ಎಂದೂ ಒಳಗೆ ಬಾರದು ಎಂಬ ನಂಬಿಕೆ. ಈ ಮಂತ್ರ ನಮ್ಮ ಊರಿನವರಿಗೆ ಮಾತ್ರ ಗೊತ್ತು ಎಂದುಕೊಂಡಿದ್ದೆ. ಮುಂಬಯಿಯಲ್ಲಿ ಸ್ವಂತ ಕೆಲಸ ಹಿಡಿದ ಮೇಲೆ ತಿಳಿಯಿತು, ಅಂಧೇರಿಯಿಂದ ಲೋವರ್ ಪರೇಲಿನವರೆಗೆ ಎಷ್ಟೋ ಕಚೇರಿಗಳ ಗಾಜಿನ ಬಾಗಿಲಿನ ಮೇಲೂ ಅದೇ ಬರಹವಿದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಊರಿನಲ್ಲಿ ಅದನ್ನು ದೆವ್ವಕ್ಕೆಂದು ಬರೆಯುತ್ತಿದ್ದರು. ಇಲ್ಲಿ ಕೆಲಸ ಮಾಡಿಕೊಟ್ಟವನಿಗೆ ಬರೆದಿದ್ದಾರೆ.

ಪಗಾರದ ದಿನ ಹೋಯಿತು

ನಮ್ಮ ತಂದೆಯವರ ಕಾಲದಲ್ಲಿ ಈ ಸಭೆ ಸೇರಿದ್ದರೆ ಇಲ್ಲಿ ಕೂತವರಲ್ಲಿ ಗಿರಣಿಯವರು, ಹೋಟೆಲಿನವರು, ಗೋದಿಯವರೇ ಹೆಚ್ಚಾಗಿರುತ್ತಿದ್ದರು. ಅವರ ಪಗಾರ ಕಡಮೆಯಿತ್ತು. ಆದರೆ ಪಗಾರಕ್ಕೆ ಒಂದು ದಿನವಿತ್ತು. 1936ರ ವೇತನ ಪಾವತಿ ಕಾಯ್ದೆ, ಸಾವಿರಕ್ಕಿಂತ ಕಡಮೆ ಆಳುಗಳಿರುವ ಕಾರ್ಖಾನೆ 7ನೇ ತಾರೀಖಿನೊಳಗೆ, ಅದಕ್ಕಿಂತ ದೊಡ್ಡದು 10ನೇ ತಾರೀಖಿನೊಳಗೆ ಸಂಬಳ ಕೊಡಬೇಕೆಂದು ಹೇಳಿತ್ತು. ಆ ತಾರೀಖನ್ನು ನಂಬಿ ಚಾಳಿನ ಕಿರಾಣಿಯವನು ತಿಂಗಳ ಉದ್ದರಿ ಕೊಡುತ್ತಿದ್ದ, ಖಾನಾವಳಿಯವಳು ಊಟ ಹಾಕುತ್ತಿದ್ದಳು, ಊರಿಗೆ ಮನಿಯಾರ್ಡರು ಹೋಗುತ್ತಿತ್ತು. ಈಗ ಆ ಹಳೆಯ ಕಾಯ್ದೆಯ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ತಿಂಗಳ ಸಂಬಳದವನಿಗೆ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಹಣ ಕೊಡಬೇಕೆಂದು ಅದೂ ಹೇಳುತ್ತದೆ.

1982ರ ಜನವರಿ 18ರಂದು ಮೊದಲಾದ ಗಿರಣಿ ಮುಷ್ಕರದ ತರುವಾಯ ಒಂದೊಂದೇ ಗಿರಣಿಯ ಚಿಮಣಿ ತಣ್ಣಗಾಯಿತು. ಆ ಮನೆಗಳ ಮಕ್ಕಳಲ್ಲಿ ಅನೇಕರು ಕೈಕಸಬು ಕಲಿತು ಸ್ವತಂತ್ರರಾದರು. ಇಂದು ಇಲ್ಲಿ ಕೂತವರನ್ನೇ ನೋಡಿ. ಕಚೇರಿಗಳಿಗೆ ಏಸಿ ರಿಪೇರಿ ಮಾಡುವವರಿದ್ದಾರೆ, ವೈರಿಂಗ್ ಮಾಡುವವರಿದ್ದಾರೆ, ಐದಾರು ಅಂಗಡಿಗಳ ಲೆಕ್ಕ ಬರೆಯುವವರಿದ್ದಾರೆ, ಕಾರ್ಯಕ್ರಮಗಳಿಗೆ ಊಟ ಒದಗಿಸುವವರಿದ್ದಾರೆ, ಜಾಹೀರಾತಿಗೆ ಕನ್ನಡದಲ್ಲಿ ದನಿ ಕೊಡುವವರಿದ್ದಾರೆ. ನನ್ನಂಥವರು ಜಾಹೀರಾತಿನ ಮಾತನ್ನು ಕನ್ನಡಕ್ಕೆ ತಿರುಗಿಸಿ, ಅಕ್ಷರ ಜೋಡಿಸಿ ಕೊಡುತ್ತೇವೆ. ನಮ್ಮ ಕಾರ್ಡಿನ ಮೇಲೆ 'ಪ್ರೊಪ್ರೈಟರ್' ಎಂದು ಅಚ್ಚಾಗಿದೆ. ಊರಿನಲ್ಲಿ ಅದನ್ನು ನೋಡಿ ಸಂತೋಷಪಡುತ್ತಾರೆ. ಆದರೆ 'ಪ್ರೊಪ್ರೈಟರ್' ಎಂದ ಕ್ಷಣವೇ ನಾವು ಸಂಬಳದವರ ಕಾಯ್ದೆಯಿಂದ ಹೊರಗೆ ಬಿದ್ದೆವು. ನಮಗೆ 7ನೇ ತಾರೀಖಿಲ್ಲ. ನಮ್ಮ ತಾರೀಖನ್ನು ನಾವೇ ಬರೆಸಿಕೊಳ್ಳಬೇಕು.

ನನ್ನ ಕತೆ

ನನ್ನ ಕತೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 2018ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಿನಲ್ಲಿ, ದೀಪಾವಳಿಯ ಜಾಹೀರಾತುಗಳ ಭರದಲ್ಲಿ, ಒಂದು ಕಂಪನಿಗೆ ಮೂರು ಕೆಲಸ ಮಾಡಿಕೊಟ್ಟೆ. ಒಟ್ಟು ಬಿಲ್ಲು 84,000 ರೂಪಾಯಿ. ಕೆಲಸ ಹೇಳಿದ್ದು ಫೋನಿನಲ್ಲಿ. ದರ ಒಪ್ಪಿದ್ದು ಫೋನಿನಲ್ಲಿ. "ಹಣದ ಚಿಂತೆ ಬಿಡಿ, ನಮ್ಮದು ದೊಡ್ಡ ಕಂಪನಿ" ಎಂದದ್ದೂ ಫೋನಿನಲ್ಲಿಯೇ. ನಾನು ಮೂರು ರಾತ್ರಿ ನಿದ್ದೆಗೆಟ್ಟು ಕೆಲಸ ಮುಗಿಸಿದೆ. ಬಿಲ್ಲು ಬರೆದದ್ದು ಮಾತ್ರ ಹಬ್ಬ ಮುಗಿದ ಮೇಲೆ. ಅದನ್ನು ಕಳಿಸಿದ್ದು ಕೆಲಸ ಹೇಳಿದ ಹುಡುಗನಿಗೇ ಹೊರತು ಲೆಕ್ಕದ ವಿಭಾಗಕ್ಕಲ್ಲ. ಡಿಸೆಂಬರಿನಲ್ಲಿ ಆ ಹುಡುಗ ಬೇರೆ ಕಡೆ ಕೆಲಸ ಹಿಡಿದು ಹೋದ. ಅವನ ಜಾಗಕ್ಕೆ ಬಂದಾಕೆ, "ಯಾವ ಬಿಲ್ಲು ಅಂಕಲ್? ನಮ್ಮಲ್ಲಿ ಆರ್ಡರ್ ನಂಬರೇ ಇಲ್ಲವಲ್ಲ" ಎಂದರು. ಆಕೆ ಸುಳ್ಳು ಹೇಳಲಿಲ್ಲ. ನಿಜವಾಗಿಯೂ ಇರಲಿಲ್ಲ.

ಮನೆ ಬಾಡಿಗೆ ಮತ್ತು ಮಗಳ ಕಾಲೇಜು ಫೀಸಿಗೆಂದು ನವೆಂಬರಿನಲ್ಲಿ 60,000 ರೂಪಾಯಿ ಕೈಸಾಲ ಮಾಡಿದ್ದೆ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಏಳು ತಿಂಗಳಿಗೆ ಬಡ್ಡಿಯೇ 12,600 ಆಯಿತು. ಕೊನೆಗೆ ನನ್ನಾಕೆ ತಾನಾಗಿಯೇ ಬಳೆ ಬಿಚ್ಚಿಕೊಟ್ಟಳು. ಅದನ್ನು ಬ್ಯಾಂಕಿನಲ್ಲಿಟ್ಟು ಆ ಸಾಲ ತೀರಿಸಿದೆ. ಕಂಪನಿಯಿಂದ 2019ರ ಡಿಸೆಂಬರಿನಲ್ಲಿ 30,000 ಬಂತು. ಮಿಕ್ಕದ್ದು ಮಾರ್ಚಿಗೆ ಎಂದರು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಮುಚ್ಚಿದ ಆ ಕಚೇರಿ ಮತ್ತೆ ತೆರೆಯಲಿಲ್ಲ. 54,000 ರೂಪಾಯಿ ಹೋಯಿತು.

'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಎಂದು ಗಾದೆ. ಆದರೆ ನಾನು ಕೋಡಂಗಿಯಾದದ್ದು ಅವರ ಕೈಯಿಂದ ಅರ್ಧ, ನನ್ನ ಕೈಯಿಂದ ಅರ್ಧ. ನನ್ನ ಕೈಯಲ್ಲಿದ್ದ ಆ ಅರ್ಧದ ಬಗ್ಗೆ ಇಂದು ಮಾತಾಡುವುದು ಲೇಸು.

ಹಣ ಯಾತಕ್ಕೆ ನಿಲ್ಲುತ್ತದೆ

ತಡವಾದ ಹಣವೆಲ್ಲ ಒಂದೇ ಜಾತಿಯದಲ್ಲ. ಮೂರು ಬಗೆ ಇವೆ. ಯಾವ ಬಗೆಯೆಂದು ತಿಳಿಯದೆ ಕೂಗಾಡಿದರೆ ಕೆಲಸವೂ ಹೋಗುತ್ತದೆ, ಹಣವೂ ಬರುವುದಿಲ್ಲ.

ಮೊದಲನೆಯದು ಕಾಗದದ ತಡ. ದೊಡ್ಡ ಕಚೇರಿಯಲ್ಲಿ ಕೆಲಸ ಹೇಳುವವನು ಒಬ್ಬ, ಒಪ್ಪಿಗೆ ಹಾಕುವವನು ಇನ್ನೊಬ್ಬ, ಹಣ ಬಿಡುವವನು ಮತ್ತೊಬ್ಬ. ನಮ್ಮ ಹೆಸರು ಅವರ ಪಟ್ಟಿಯಲ್ಲಿ ಸೇರಿರಬೇಕು. ಪ್ಯಾನ್, ಬ್ಯಾಂಕ್ ಖಾತೆ, ರದ್ದು ಮಾಡಿದ ಚೆಕ್ಕು ಕೊಟ್ಟಿರಬೇಕು. ಬಿಲ್ಲಿನ ಮೇಲೆ ಅವರ ಆರ್ಡರ್ ನಂಬರ್ ಇರಬೇಕು. ಹಣ ಬಿಡುವುದೂ ದಿನವಹಿ ಅಲ್ಲ, ಎಷ್ಟೋ ಕಡೆ ತಿಂಗಳಿಗೆ ಒಂದೋ ಎರಡೋ ಸಲ. ಒಂದು ದಿನ ತಪ್ಪಿದರೆ ಬಿಲ್ಲು ಮುಂದಿನ ಸರದಿಗೆ ಬಿತ್ತು. ಇಲ್ಲಿ ಯಾರೂ ದುಷ್ಟರಲ್ಲ. ಕಾಗದ ಸರಿಮಾಡಿಕೊಟ್ಟರೆ ಹಣ ಬರುತ್ತದೆ.

ಎರಡನೆಯದು ಸರಪಳಿಯ ತಡ. ನಮಗೆ ಕೊಡಬೇಕಾದವನಿಗೆ ಅವನ ಗಿರಾಕಿ ಕೊಟ್ಟಿಲ್ಲ. "ನನಗೆ ಬಂದ ಕೂಡಲೆ ನಿಮಗೆ" ಎನ್ನುತ್ತಾನೆ. ಮಾತು ನಿಜವೇ ಇರಬಹುದು. ಆದರೆ ಅವನಿಗೂ ಅವನ ಗಿರಾಕಿಗೂ ಇರುವ ಕರಾರಿನಲ್ಲಿ ನಾವು ಸಹಿ ಹಾಕಿಲ್ಲ. ಲಾಭದಲ್ಲಿ ಪಾಲು ಕೊಡದವನು ನಷ್ಟದಲ್ಲಿ ಮಾತ್ರ ನಮ್ಮನ್ನು ಪಾಲುದಾರರನ್ನಾಗಿ ಮಾಡುವುದು ಯಾವ ನ್ಯಾಯ? ಇಂಥವರೊಡನೆ ಮೊದಲೇ ಮುಂಗಡ ಕೇಳಬೇಕು, ಕಂತು ಕಂತಾಗಿ ವಸೂಲು ಮಾಡಬೇಕು.

ಮೂರನೆಯದು ಬೇಕೆಂದೇ ಮಾಡುವ ತಡ. ಬ್ಯಾಂಕಿನಲ್ಲಿ ಸಾಲ ತೆಗೆದರೆ ಬಡ್ಡಿ ಕೊಡಬೇಕು, ಹತ್ತು ಮಂದಿ ಗುತ್ತಿಗೆಯವರ ಹಣ ಮೂರು ತಿಂಗಳು ಹಿಡಿದಿಟ್ಟರೆ ಬಡ್ಡಿಯಿಲ್ಲ, ಜಾಮೀನಿಲ್ಲ. ನಮ್ಮ ಬಿಲ್ಲುಗಳೇ ಅವರ ಬಂಡವಾಳ. ಇಂಥವರಿಗೆ ಕಾನೂನಿನ ಭಾಷೆಯೇ ಬೇಕು.

ಕೆಲಸಕ್ಕೆ ಕೈ ಹಾಕುವ ಮೊದಲು

ವಸೂಲಿಯ ಕೆಲಸ ಆರಂಭವಾಗುವುದು ಹಣ ನಿಂತ ಮೇಲೆ ಅಲ್ಲ, ಕೆಲಸ ಒಪ್ಪುವ ಹೊತ್ತಿಗೆ. ಫೋನಿನಲ್ಲಿ ಮಾತಾದರೂ ಸರಿ, ಅದೇ ದಿನ ಐದು ಸಾಲು ಬರೆದು ಕಳಿಸಬೇಕು: ಏನು ಕೆಲಸ, ಎಷ್ಟು ದರ, ಯಾವಾಗ ಒಪ್ಪಿಸುವುದು, ಎಷ್ಟು ದಿನಕ್ಕೆ ಹಣ, ಬಿಲ್ಲು ಯಾರ ಹೆಸರಿಗೆ. "ಇದು ಸರಿಯಾಗಿದೆ ಎಂದು ಒಂದು ಮಾತು ಬರೆದು ತಿಳಿಸಿ, ಕೆಲಸ ಆರಂಭಿಸುತ್ತೇನೆ" ಎಂದು ಮುಗಿಸಬೇಕು. ವಾಟ್ಸಾಪಿನಲ್ಲಿ ಬಂದ 'ಓಕೆ' ಕೂಡ ಬರಹವೇ. ಆದರೆ ಮೇಲ್ ಬಂದರೆ ಇನ್ನೂ ಒಳ್ಳೆಯದು. ಫೋನು ಕಳೆದರೆ ವಾಟ್ಸಾಪ್ ಹೋದೀತು, ಆದುದರಿಂದ ಅಂಥ ಮಾತನ್ನು ಬೇರೆ ಕಡೆ ಉಳಿಸಿಕೊಳ್ಳಿ.

ಹೊಸ ಗಿರಾಕಿಯಾದರೆ ಮೂರನೆಯ ಒಂದು ಪಾಲಾದರೂ ಮುಂಗಡ ಕೇಳಿ. ಕೇಳಲು ನಮ್ಮವರಿಗೆ ಸಂಕೋಚ. ಹೋಟೆಲಿನ ಕ್ಯಾಷ್ ಕೌಂಟರಿನಲ್ಲಿ ಮೊದಲು ಹಣ ಕೊಟ್ಟು ಚೀಟಿ ತಂದರೆ ತಾನೇ ದೋಸೆ ಕೊಡುವುದು? ಆಗ ಯಾರಿಗೂ ಅವಮಾನವಾಗುವುದಿಲ್ಲ. ಮುಂಗಡ ಕೊಡಲು ಒಪ್ಪದವನು ಕೊನೆಯಲ್ಲಿ ಪೂರ್ತಿ ಕೊಟ್ಟಾನೆಂದು ನಂಬುವುದು ಹೇಗೆ? ದೊಡ್ಡ ಕೆಲಸವನ್ನು ಮೂರು ಕಂತು ಮಾಡಿ. ಒಂದು ಕಂತಿನ ಹಣ ಬಂದ ಮೇಲೆ ಮುಂದಿನದಕ್ಕೆ ಕೈ ಹಾಕಿ. ಎರಡು ಬಿಲ್ಲು ಬಾಕಿಯಿರುವಲ್ಲಿ ಮೂರನೆಯ ಕೆಲಸ ಹಿಡಿಯಬೇಡಿ. ನಾನು ಎಡವಿದ ಕಲ್ಲು ಇದೇ.

ಹೌಸಿಂಗ್ ಸೊಸೈಟಿಗಳ ಕೆಲಸ ಮಾಡುವವರಿಗೆ ಒಂದು ಮಾತು. ಸೊಸೈಟಿಯ ಹಣ ಕಾರ್ಯದರ್ಶಿಯ ಕಿಸೆಯಲ್ಲಿಲ್ಲ. ಚೆಕ್ಕಿಗೆ ಒಬ್ಬರಿಗಿಂತ ಹೆಚ್ಚು ಪದಾಧಿಕಾರಿಗಳ ಸಹಿ ಬೇಕು. ಒಬ್ಬರು ಊರಿನಲ್ಲಿಲ್ಲದಿದ್ದರೆ ತಿಂಗಳು ಹೋಯಿತು. ಸೆಪ್ಟೆಂಬರ್ ಕೊನೆಯೊಳಗೆ ವಾರ್ಷಿಕ ಸಭೆ ಆಗಬೇಕು. ಸಮಿತಿ ಬದಲಾದರೆ ಹೊಸಬರು, "ಅದು ಹಳೆಯ ಸಮಿತಿ ಹೇಳಿದ ಕೆಲಸ, ನಮಗೆ ಗೊತ್ತಿಲ್ಲ" ಎನ್ನುತ್ತಾರೆ. ಆದುದರಿಂದ ಸಮಿತಿಯ ಠರಾವಿನ ಪ್ರತಿಯನ್ನೋ ಸೊಸೈಟಿಯ ಮೊಹರಿನ ಪತ್ರವನ್ನೋ ಇಸಿದುಕೊಳ್ಳದೆ ಏಣಿ ಹತ್ತಬೇಡಿ.

ಕೆಲಸ ಮುಗಿದ ಮೇಲೆ

ಕೆಲಸ ಒಪ್ಪಿಸಿದ ದಿನವೇ ಬಿಲ್ಲು. ಒಂದು ವಾರ ನಾವೇ ತಡ ಮಾಡಿ, ಅವರು ತಡ ಮಾಡಿದರೆಂದು ದೂರುವುದು ಸರಿಯಲ್ಲ. ಬಿಲ್ಲಿನಲ್ಲಿ ನಂಬರು, ತಾರೀಖು, ಆರ್ಡರಿನ ನಂಬರು, ಹಣ ಕೊಡಬೇಕಾದ ಕೊನೆಯ ತಾರೀಖು ದೊಡ್ಡದಾಗಿರಲಿ. '30 ದಿನ' ಎಂದು ಬರೆಯುವ ಬದಲು 'ಇಂಥ ತಾರೀಖಿನೊಳಗೆ' ಎಂದೇ ಬರೆಯಿರಿ. ಕೆಲಸ ಮುಟ್ಟಿತೆಂದು ಯಾರಾದರೊಬ್ಬರ ಸಹಿ ಇಲ್ಲವೇ ಉತ್ತರ ಇಟ್ಟುಕೊಳ್ಳಿ. ಮನೆಯಲ್ಲಿ ಒಂದು ವಹಿ ಇಡಿ. ಬಿಲ್ಲಿನ ದಿನ, ಕೊಡಬೇಕಾದ ದಿನ, ಕೇಳಿದ ದಿನ, ಅವರು ಹೇಳಿದ ಮಾತು ಎಂದು ನಾಲ್ಕು ಕಲಮು ಸಾಕು.

ಕೇಳುವುದರಲ್ಲಿಯೂ ರೀತಿಯಿದೆ. "ಸಾಹೇಬರೇ, ಹಣ ಯಾವಾಗ ಬರುತ್ತದೆ?" ಎಂದು ಕೇಳಿದರೆ "ಬರುತ್ತದೆ" ಎಂಬುದೇ ಉತ್ತರ. "ನನ್ನ ಬಿಲ್ಲು ಯಾರ ಮೇಜಿನ ಮೇಲಿದೆ? ಯಾರ ಸಹಿ ಬಾಕಿ? ಯಾವ ತಾರೀಖಿನ ಪಾವತಿಯಲ್ಲಿ ಸೇರಿದೆ?" ಎಂದು ಕೇಳಿ. ಆಗ ಉತ್ತರ ಹೇಳುವವನು ವಹಿ ತೆರೆಯಬೇಕಾಗುತ್ತದೆ. ಕೊಡಬೇಕಾದ ದಿನಕ್ಕೆ ಐದು ದಿನ ಮೊದಲು ಒಮ್ಮೆ ನೆನಪಿಸಿ. ದಿನ ಕಳೆದ ಮರುದಿನ ಬರೆಯಿರಿ. ಮತ್ತೆ ಹದಿನೈದು ದಿನಕ್ಕೊಮ್ಮೆ. ಪತ್ರ ಇಷ್ಟೇ ಸಾಕು: "ಮಾನ್ಯರೇ, ತಮ್ಮ ಇಂಥ ತಾರೀಖಿನ ಆರ್ಡರಿನಂತೆ ಕೆಲಸ ಮುಗಿಸಿ ಇಂಥ ದಿನ ಒಪ್ಪಿಸಿದ್ದೇನೆ. ಬಿಲ್ಲು ನಂಬರು ಇಷ್ಟು, ಮೊತ್ತ ಇಷ್ಟು. ಕೊಡಬೇಕಾದ ದಿನ ಕಳೆದು ಇಂದಿಗೆ ಇಷ್ಟು ದಿನವಾಯಿತು. ಹಣ ಯಾವ ದಿನ ಜಮೆಯಾಗುವುದೆಂದು ಬರೆದು ತಿಳಿಸಬೇಕಾಗಿ ವಿನಂತಿ." ಇದರಲ್ಲಿ ಅಳು ಇಲ್ಲ, ಬೈಗುಳವಿಲ್ಲ. ಮಗಳ ಫೀಸು, ಹೆಂಡತಿಯ ಕಾಯಿಲೆ ಏನನ್ನೂ ಬರೆಯಬೇಡಿ. ನಾವು ಭಿಕ್ಷೆ ಕೇಳುತ್ತಿಲ್ಲ. ಸಿಟ್ಟಿನಲ್ಲಿ ಹಾಕಿದ ಯಂತ್ರ ಕಿತ್ತು ತರುವುದು, ವೈರು ಕತ್ತರಿಸುವುದು ಸಲ್ಲದು. ನಾವು ವಾದಿಗಳಾಗಿದ್ದವರು ಪೊಲೀಸ್ ಚೌಕಿಯಲ್ಲಿ ಆರೋಪಿಗಳಾಗುತ್ತೇವೆ.

ಇನ್ನೊಂದು ಗುಟ್ಟು. ಕಂಪನಿಗಳು ನಮ್ಮ ಬಿಲ್ಲಿನಿಂದ ಟಿಡಿಎಸ್ ಕಡಿಯುತ್ತವೆ. ಕಾನೂನಿನ ಪ್ರಕಾರ ಹಣ ಕೊಟ್ಟಾಗ ಇಲ್ಲವೇ ತಮ್ಮ ಪುಸ್ತಕದಲ್ಲಿ ನಮ್ಮ ಹೆಸರಿಗೆ ಜಮೆ ಬರೆದಾಗ, ಯಾವುದು ಮೊದಲೋ ಆಗ ಕಡಿಯಬೇಕು. ಆದುದರಿಂದ ಹಣ ಬಾರದೆಯೂ ಆದಾಯ ತೆರಿಗೆಯ ನಮ್ಮ ಖಾತೆಯಲ್ಲಿ ಟಿಡಿಎಸ್ ಕಾಣಿಸಿಕೊಳ್ಳಬಹುದು. ಹಾಗೆ ಕಂಡರೆ, ಅವರು ನಮ್ಮ ಬಿಲ್ಲನ್ನು ಪುಸ್ತಕಕ್ಕೆ ಹಾಕಿದ್ದಾರೆ ಎಂದು ಅರ್ಥ. "ಯಾವ ಬಿಲ್ಲು?" ಎಂದು ಕೇಳುವವರ ಮುಂದೆ ಆ ಪುಟ ಇಡಿ. ಮೂರು ತಿಂಗಳಿಗೊಮ್ಮೆ ಅದನ್ನು ತೆರೆದು ನೋಡುವ ಅಭ್ಯಾಸ ಒಳ್ಳೆಯದು.

ಜಿಎಸ್‌ಟಿ ನೋಂದಣಿಯಿರುವವರು ಇನ್ನೂ ಎಚ್ಚರದಿಂದಿರಬೇಕು. ಬಿಲ್ಲು ಮಾಡಿದ ತಿಂಗಳ ಲೆಕ್ಕದಲ್ಲೇ ತೆರಿಗೆ ಕಟ್ಟಬೇಕು. ಗಿರಾಕಿ ಕೊಡದಿದ್ದರೆ ಆ ತೆರಿಗೆ ಹೋಗುವುದು ನಮ್ಮ ಕೈಯಿಂದ.

ಕಾನೂನು ಏನು ಹೇಳುತ್ತದೆ

ನಮ್ಮವರಲ್ಲಿ ಹೆಚ್ಚಿನವರಿಗೆ ತಿಳಿಯದ ಒಂದು ಕಾಯ್ದೆಯಿದೆ. ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆ, 2006. ಇದು ಕಾರ್ಖಾನೆಯವರದಷ್ಟೇ ಎಂದು ತಿಳಿಯಬೇಡಿ. ಸೇವೆ ಒದಗಿಸುವವರಿಗೂ ಇದೆ. ಭಾಷಾಂತರ, ಲೆಕ್ಕ ಬರೆಯುವುದು, ರಿಪೇರಿ ಮಾಡುವುದು ಎಲ್ಲ ಸೇವೆಯೇ. ಒಬ್ಬನೇ ಕೂತು ಕೆಲಸ ಮಾಡುವವನೂ 'ಉದ್ಯಮ' ಎಂಬ ಸರಕಾರಿ ನೋಂದಣಿ ಮಾಡಿಸಿಕೊಂಡರೆ ಅತಿಸಣ್ಣ ಉದ್ಯಮವಾಗುತ್ತಾನೆ. 2020ರ ಜುಲೈ 1ರಿಂದ ಈ ಪದ್ಧತಿಯಿದೆ. ಆಧಾರ್ ಇದ್ದರೆ ಅಂತರಜಾಲದಲ್ಲಿ ತಾನೇ ಮಾಡಬಹುದು. ಒಂದು ಪೈಸೆ ಖರ್ಚಿಲ್ಲ. ಇದಕ್ಕೆ ಎರಡು ಮೂರು ಸಾವಿರ ಕೇಳುವ ಏಜೆಂಟರನ್ನು ದೂರವಿಡಿ.

ಈ ಕಾಯ್ದೆಯ 15ನೇ ಕಲಮಿನಂತೆ, ಬರಹದಲ್ಲಿ ಒಪ್ಪಿದ ದಿನದೊಳಗೆ ಹಣ ಕೊಡಬೇಕು. ಆ ದಿನ ಎಷ್ಟೇ ಒಪ್ಪಿದ್ದರೂ 45 ದಿನ ಮೀರುವಂತಿಲ್ಲ. ಬರಹವೇ ಇಲ್ಲದಿದ್ದರೆ 15 ದಿನ. ಕೆಲಸ ಮುಗಿದ 15 ದಿನದೊಳಗೆ ಬರಹದಲ್ಲಿ ತಕರಾರು ಬಾರದಿದ್ದರೆ ಕೆಲಸವನ್ನು ಒಪ್ಪಿದಂತೆಯೇ ಲೆಕ್ಕ. ಹತ್ತು ತಿಂಗಳ ಮೇಲೆ "ಕೆಲಸ ಚೆನ್ನಾಗಿರಲಿಲ್ಲ" ಎಂದು ಹೇಳುವವರಿಗೆ ಇದೇ ಉತ್ತರ. 16ನೇ ಕಲಮಿನಂತೆ ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ತಿಂಗಳು ತಿಂಗಳಿಗೆ ಅಸಲಿಗೆ ಸೇರುತ್ತ ಹೋಗುತ್ತದೆ. ಬ್ಯಾಂಕ್ ದರ ಐದೂವರೆ ಇದ್ದರೆ ನಮ್ಮ ಬಡ್ಡಿ ಹದಿನಾರೂವರೆ. ಒಂದು ಲಕ್ಷದ ಬಿಲ್ಲು ಒಂದು ವರ್ಷ ನಿಂತರೆ ಸುಮಾರು 17,800 ರೂಪಾಯಿ ಬಡ್ಡಿ.

ಆಮೇಲೂ ಕೊಡದಿದ್ದರೆ ರಾಜ್ಯ ಸರಕಾರದ ಫೆಸಿಲಿಟೇಷನ್ ಕೌನ್ಸಿಲಿಗೆ ಅರ್ಜಿ ಹಾಕಬಹುದು. ಅರ್ಜಿ ಅಂತರಜಾಲದಲ್ಲೇ. ಕೌನ್ಸಿಲು ಮೊದಲು ರಾಜಿಗೆ ನೋಡುತ್ತದೆ, ಆಗದಿದ್ದರೆ ಪಂಚಾಯ್ತಿ ನಡೆಸಿ ತೀರ್ಪು ಕೊಡುತ್ತದೆ. ಆ ತೀರ್ಪನ್ನು ಕೋರ್ಟಿನಲ್ಲಿ ಪ್ರಶ್ನಿಸಬೇಕಾದರೆ ಎದುರಾಳಿ ಮೊದಲು ನೂರಕ್ಕೆ 75ರಷ್ಟು ಹಣ ಠೇವಣಿ ಇಡಬೇಕು. ಬಡವನ ಕಡೆ ನಿಂತ ಕಲಮು ಎಂದರೆ ಇದು.

2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಯಲ್ಲಿ ಇನ್ನೊಂದು ಕೊಂಡಿ ಸೇರಿಸಿತು. ನೋಂದಣಿಯಿರುವ ಅತಿಸಣ್ಣ, ಸಣ್ಣ ಉದ್ಯಮದವರಿಗೆ ಮೇಲೆ ಹೇಳಿದ ಅವಧಿಯೊಳಗೆ ಹಣ ಕೊಡದಿದ್ದರೆ, ಆ ಖರ್ಚನ್ನು ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ಲೆಕ್ಕಕ್ಕೆ ಹಿಡಿಯಬಹುದು. ಅಂದರೆ ಮಾರ್ಚ್ ಕೊನೆಗೆ ನಮ್ಮ ಬಿಲ್ಲು ಹಾಗೆ ಬಾಕಿಯಿದ್ದರೆ ಅವರಿಗೆ ತೆರಿಗೆಯ ಹೊರೆ ಹೆಚ್ಚುತ್ತದೆ. ಆದುದರಿಂದ ನೋಂದಣಿಯ ನಂಬರನ್ನು ಪ್ರತಿ ಬಿಲ್ಲಿನ ತಲೆಯ ಮೇಲೆ ಅಚ್ಚು ಹಾಕಿಸಿ. ಆ ಒಂದು ಸಾಲನ್ನು ನೋಡಿದರೆ ಅವರ ಲೆಕ್ಕಪರಿಶೋಧಕರೇ ನಮ್ಮ ಪರವಾಗಿ ಕೇಳುತ್ತಾರೆ.

ಆದರೆ ಎಲ್ಲವೂ ಸಕ್ಕರೆಯಲ್ಲ. ಹಣ ಮುಳುಗಿದ ಮೇಲೆ ನೋಂದಣಿ ಮಾಡಿಸಿ ಹಳೆಯ ಬಿಲ್ಲಿಗೆ ಈ ರಕ್ಷಣೆ ಕೇಳಿದರೆ ದಕ್ಕುವುದು ಕಷ್ಟ. 2021, 2022ರಲ್ಲಿ ಸುಪ್ರೀಂ ಕೋರ್ಟು ಹಾಗೆಯೇ ಹೇಳಿದೆ. ಇಂದೇ ಮಾಡಿಸಿ ಎನ್ನುವುದು ಅದಕ್ಕೇ. ಸಾಮಾನು ಮತ್ತು ಕೂಲಿ ಎರಡೂ ಸೇರಿದ ಕಟ್ಟಡದ ಗುತ್ತಿಗೆ ಈ ಕಾಯ್ದೆಗೆ ಬಾರದೆಂದು ಮುಂಬಯಿ ಹೈಕೋರ್ಟಿನ ತೀರ್ಪುಗಳಿವೆ. ಅಂಥ ಕೆಲಸದವರು ವಕೀಲರನ್ನು ಕೇಳಿ ಮುಂದುವರಿಯಿರಿ. ಕೌನ್ಸಿಲು 90 ದಿನದಲ್ಲಿ ತೀರ್ಮಾನಿಸಬೇಕೆಂದು ಕಾಯ್ದೆ ಹೇಳಿದರೂ ಅದನ್ನು ನೆಚ್ಚಿ ಬಾಡಿಗೆಯ ದಿನ ಗೊತ್ತುಮಾಡಬೇಡಿ.

ಇನ್ನೆರಡು ವಾಯಿದೆಗಳನ್ನು ನೆನಪಿಡಿ. ಸಾಮಾನ್ಯವಾಗಿ ಬಾಕಿ ಹಣಕ್ಕೆ ದಾವೆ ಹೂಡಲು ಮೂರು ವರ್ಷ. ಆ ಅವಧಿಯೊಳಗೆ ಎದುರಾಳಿ ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ ಅಂದಿನಿಂದ ಹೊಸ ಮೂರು ವರ್ಷ ಆರಂಭವಾಗುತ್ತದೆ. ಫೋನಿನಲ್ಲಿ ನೂರು ಸಲ "ಕೊಡುತ್ತೇನೆ" ಎಂದರೂ ಒಂದು ದಿನವೂ ಬೆಳೆಯುವುದಿಲ್ಲ. ಪ್ರತಿ ಏಪ್ರಿಲಿನಲ್ಲಿ ಬಾಕಿಯ ಲೆಕ್ಕ ಕಳಿಸಿ ಸಹಿ ಇಸಿದುಕೊಳ್ಳಿ. ಎರಡನೆಯದು ಚೆಕ್ಕಿನದು. ಚೆಕ್ಕು ಹಣವಿಲ್ಲದೆ ವಾಪಸು ಬಂದರೆ, ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಬರಹದಲ್ಲಿ ನೋಟೀಸು ಕೊಡಬೇಕು. ನೋಟೀಸು ಮುಟ್ಟಿದ 15 ದಿನದೊಳಗೆ ಅವನು ಕೊಡದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಫಿರ್ಯಾದು. "ಇನ್ನೊಮ್ಮೆ ಹಾಕಿ ನೋಡಿ, ಮುಂದಿನ ವಾರ ಹಾಕಿ" ಎಂದು ದಿನ ತಳ್ಳುವವರ ಮಾತಿಗೆ ಮರುಳಾಗಿ ಈ ದಿನಗಳನ್ನು ಕಳೆಯಬೇಡಿ.

ಹೆದರಿಕೆಯ ಮಾತು

ಇಷ್ಟು ಕೇಳಿದ ಮೇಲೆ ತಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಇದ್ದೇ ಇದೆ. "ಕಾನೂನು ತೋರಿಸಿದರೆ ಮುಂದೆ ಕೆಲಸ ಕೊಡುತ್ತಾರೆಯೇ?" ಕೊಡದೆಯೂ ಇರಬಹುದು. ಅದನ್ನು ಮುಚ್ಚಿಡುವುದು ತರವಲ್ಲ. ನನ್ನ ಬಾಯಿ ಕಟ್ಟಿದ್ದೂ ಆ ಹೆದರಿಕೆಯೇ. ಆ ವರ್ಷ ನನ್ನ ಸಂಪಾದನೆಯ ಮುಕ್ಕಾಲು ಪಾಲು ಒಂದೇ ಕಂಪನಿಯಿಂದ ಬರುತ್ತಿತ್ತು. ಅವರ ಮುಂದೆ ನಾನು ಪ್ರೊಪ್ರೈಟರನಲ್ಲ, ಪಗಾರದ ತಾರೀಖೂ ಇಲ್ಲದ ಆಳು. ಒಬ್ಬ ಗಿರಾಕಿಯಿಂದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಸಂಪಾದನೆ ಬಾರದಂತೆ ನೋಡಿಕೊಂಡವನಿಗೆ ಮಾತ್ರ 'ಇಲ್ಲ' ಎನ್ನುವ ಧೈರ್ಯ ಬರುತ್ತದೆ. ಅದು ಒಂದು ದಿನದ ಕೆಲಸವಲ್ಲ, ಆದರೆ ಇಂದು ತೊಡಗಬಹುದು. ಮತ್ತು ಎರಡು ತಿಂಗಳ ಮನೆಖರ್ಚನ್ನು ಬೇರೆ ಖಾತೆಯಲ್ಲಿ ಕೂಡಿಡಿ, ಬಿಲ್ಲು ಬಂದಾಗ ನೂರಕ್ಕೆ ಹತ್ತಾದರೂ. ಬಡ್ಡಿಯವನ ಬಾಗಿಲು ಕಾಣದಿರಲು ಅದಕ್ಕಿಂತ ಒಳ್ಳೆಯ ದಾರಿ ನನಗೆ ತಿಳಿಯದು.

ಇನ್ನೊಂದು ಮಾತನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಹೇಳದಿದ್ದರೆ ಭಾಷಣ ಅರ್ಧ ಸುಳ್ಳಾಗುತ್ತದೆ. ಆ ದಿನಗಳಲ್ಲಿ ನನ್ನ ಬಳಿ ವಿಜಯಪುರದ ಕಡೆಯ ಒಬ್ಬ ಹುಡುಗ ಅಕ್ಷರ ಜೋಡಿಸುವ ಕೆಲಸಕ್ಕಿದ್ದ. ತಿಂಗಳಿಗೆ 14,000 ರೂಪಾಯಿ. ಕಂಪನಿಯ ಹಣ ಬಾರದೆ ಅವನಿಗೆ ಎರಡು ತಿಂಗಳು ಕೊಟ್ಟಿರಲಿಲ್ಲ. 2019ರ ಜನವರಿಯಲ್ಲಿ ಸಂಕ್ರಾಂತಿಗೆ ಊರಿಗೆ ಹೋಗಬೇಕೆಂದು, "ಅಣ್ಣಾವ್ರ, ಅರ್ಧ ಪಗಾರಾದರೂ ಕೊಡ್ರಿ, ಅವ್ವಗ ಒಂದು ಸೀರಿ ಒಯ್ಯಬೇಕಿತ್ತು" ಎಂದ. "ನಾಳೆ ನೋಡೋಣಪ್ಪಾ" ಎಂದೆ. ಬಾಯಿಂದ ಮಾತು ಹೊರಬಿದ್ದ ಮೇಲೆ ನನಗೇ ಕೇಳಿಸಿತು. ನನ್ನ ಬಾಗಿಲ ಮೇಲೆಯೂ ಅದೇ ಬರಹ! ಹುಡುಗ ಬರಿಗೈಯಲ್ಲಿ ಊರಿಗೆ ಹೋದವನು ಮರಳಿ ಬರಲಿಲ್ಲ. ಬಳೆ ಅಡವಿಟ್ಟ ದಿನ ಮೊದಲು ಅವನ 28,000 ಕಳಿಸಿದೆ. ಕಳಿಸಿದರೂ ಆ ಸಂಕ್ರಾಂತಿಯನ್ನು ಮರಳಿ ಕೊಡಲಾಗಲಿಲ್ಲ.

ನಮ್ಮಲ್ಲಿ ಅನೇಕರ ಕೈಕೆಳಗೆ ಇಬ್ಬರು ಮೂವರು ಹುಡುಗರಿದ್ದಾರೆ. ಮೇಲಿನವನು ಕೊಡಲಿಲ್ಲವೆಂದು ಕೆಳಗಿನವನಿಗೆ ಕೊಡದಿದ್ದರೆ ಆ ಸರಪಳಿಯ ಇನ್ನೊಂದು ಕೊಂಡಿ ನಾವೇ. ಅವರಿಗೆ 7ನೇ ತಾರೀಖು ಕಾನೂನಿನದು. ಬಿಲ್ಲಿಗೂ ಅದಕ್ಕೂ ಸಂಬಂಧವಿಲ್ಲ.

ಸಂಘ ಏನು ಮಾಡಬಹುದು

ಒಬ್ಬೊಬ್ಬರೇ ಕೇಳಿದರೆ ಫೋನು ಎತ್ತುವುದಿಲ್ಲ. ನಮ್ಮ ಹಿರಿಯರು ಇದನ್ನು ಬಹಳ ಹಿಂದೆಯೇ ತಿಳಿದಿದ್ದರು. ಬಡ್ಡಿಯವರ ಬಾಗಿಲಿಗೆ ಹೋಗುವುದು ಬೇಡವೆಂದು ಸಾರಸ್ವತರು 1906ರಲ್ಲಿ ಈ ನಗರದಲ್ಲಿ ಶಾಮರಾವ್ ವಿಠಲ್ ಸಹಕಾರಿ ಸಂಸ್ಥೆ ಕಟ್ಟಿದರು. ಬಿಲ್ಲವ ಬಂಧುಗಳು 1978ರಲ್ಲಿ ಭಾರತ್ ಸಹಕಾರಿ ಬ್ಯಾಂಕು ಕಟ್ಟಿದರು. ನಾವು ಅಷ್ಟು ದೊಡ್ಡದಕ್ಕೆ ಕೈ ಹಾಕಬೇಕಿಲ್ಲ. ಮೂರು ಸಣ್ಣ ಕೆಲಸ ಸೂಚಿಸುತ್ತೇನೆ.

ಒಂದು: ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಎರಡು ಗಂಟೆ ಹೊತ್ತು ಸಂಘದ ಕೋಣೆಯಲ್ಲಿ ಒಂದು ಮೇಜು. ಬಿಲ್ಲು ಬರೆಯಲು, ಪತ್ರ ಬರೆಯಲು, 'ಉದ್ಯಮ' ನೋಂದಣಿ ಮಾಡಲು ತಿಳಿದವರು ಕೂರಬೇಕು. ಲೆಕ್ಕ ಬರೆಯುವ ನಮ್ಮ ಗೆಳೆಯರಿಬ್ಬರು ಆಗಲೇ ಒಪ್ಪಿದ್ದಾರೆ. ಎರಡು: ವರ್ಷಕ್ಕೆರಡು ಸಲ ವಕೀಲರೊಬ್ಬರನ್ನು ಕರೆಸುವುದು. ಮೂರು: ಹಣ ನಿಂತ ಸದಸ್ಯರ ಪತ್ರದ ಜೊತೆ ಸಂಘದ ಕಾಗದದಲ್ಲಿ ಇನ್ನೊಂದು ಪತ್ರ ಹೋಗುವುದು. ಬೆದರಿಕೆ ಬೇಡ, "ಈ ಬಾಕಿಯ ವಿಷಯ ಸಂಘದ ಗಮನದಲ್ಲಿದೆ" ಎಂಬಷ್ಟು ಸಾಕು. ಒಬ್ಬನ ಹಿಂದೆ ನಾಲ್ಕು ಜನರಿದ್ದಾರೆಂದು ತಿಳಿದರೆ ಸಹಿ ಹಾಕುವ ಕೈಗೆ ಸ್ವಲ್ಪ ಚುರುಕು ಬರುತ್ತದೆ.

ಬಂಧುಗಳೇ, ಮನೆಗೆ ಹೋಗಿ ಇಂದು ರಾತ್ರಿ ಒಂದು ಕೆಲಸ ಮಾಡಿ. ಹಳೆಯ ಡಬ್ಬಿಯಲ್ಲಿರುವ ಬಿಲ್ಲುಗಳನ್ನು ಹೊರಗೆ ತೆಗೆದು ತಾರೀಖಿನಂತೆ ಜೋಡಿಸಿ. ಎರಡು ವರ್ಷ ದಾಟಿದ್ದು ಯಾವುದಿದೆಯೋ ಅದನ್ನು ಬೇರೆ ಇಟ್ಟು, ಬರುವ ಭಾನುವಾರ ಇಲ್ಲಿಗೆ ತನ್ನಿ. ನಿಮ್ಮ ಕೈಕೆಳಗಿನ ಹುಡುಗನ ಲೆಕ್ಕವನ್ನೂ ಆ ಹೊತ್ತಿಗೇ ನೋಡಿಬಿಡಿ.